ನೀರು ಕೆಟ್ಟರೆ ಮಾತ್ರೆ ಏನು ಮಾಡೀತು?

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಹೊಸ ಮನೆ ಕಟ್ಟಿಸಿದ ಕೆಲವರಿಗೆ ಈಗ ಪಿಒಪಿ ಸೀಲಿಂಗು, ಗೋಡೆಯಗಲದ ಟಿವಿ ಸಾಕಾಗ್ತಿಲ್ಲ. ಹಾಲ್‌ನಲ್ಲಿ ಒಂದು ಸಮುದ್ರಾನೂ ಬೇಕು. ಕಾರವಾರದ ಕಡಲು ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ದೂರ. ಇರಲಿ, ಪ್ಯಾಕೆಟ್ಟಿನಲ್ಲಿ ಉಪ್ಪು ಸಿಗ್ತದೆ, ಬೆಂಗಳೂರಿನಿಂದ ಮೀನು ಬರ್ತದೆ. ದುಡ್ಡು ಅವರದು, ಆಸೆ ಅವರದು. ನನ್ನ ತಕರಾರು ಗಾಜಿನ ಪೆಟ್ಟಿಗೆ ಮೇಲೆ ಅಲ್ಲ. ಅದರೊಳಗಿನ ಜೀವಕ್ಕೆ ಕಾಯಿಲೆ ಬಂದಾಗ ನಾವು ಓಡಿ ಹೋಗಿ ನಿಲ್ಲುವ ಜಾಗದ ಮೇಲೆ.

ಸಿಂಧನೂರಿನ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿದ್ದ. "ದೋಸ್ತ, ಆ ಅನೆಮೊನಿ ಬೆಳ್ಳಗಾಗಿ ಬಾಯಿ ತಕ್ಕೊಂಡು ಬಿದ್ದೈತಿ. ಅಂಗಡ್ಯಾವ ಸಿಪ್ರೊ ಹಾಕು ಅಂತಾನ. 250ರದ್ದು ಹಾಕ್ಲೋ, 500ರದ್ದೋ?" ಅಂದ. ನೀರಿನ ಉಷ್ಣತೆ ಎಷ್ಟೈತಿ ಅಂದೆ, ಗೊತ್ತಿಲ್ಲ. ಉಪ್ಪಿನ ಅಳತೆ? ಅದೂ ಗೊತ್ತಿಲ್ಲ. ಆದರೆ ಮಾತ್ರೆ ಮಾತ್ರ ಆಗಲೇ ಮನೆಗೆ ಬಂದಿತ್ತು. ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡೋರನ್ನ ನಾನು ಆಫೀಸಿನಲ್ಲಿ ದಿನಾ ನೋಡ್ತೀನಿ. ಆದರೆ ಸರ್ವರಿಗೆ ಜೀವ ಇರಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಸೀ ಅನೆಮೊನಿ ಅನ್ನೋದು ಹೂವಿನ ಹೆಸರಿಟ್ಟುಕೊಂಡ ಪ್ರಾಣಿ. ಬುಡದಲ್ಲಿ ಬಂಡೆಗೆ ಅಂಟುವ ಪಾದ, ಮೇಲೆ ನಡುವೆ ಬಾಯಿ, ಸುತ್ತ ಕುಟುಕುವ ಬೆರಳುಗಳು. ಕ್ಲೌನ್ ಮೀನು ಅಡಗಿ ಕೂರೋದು ಇದರಲ್ಲೇ. ಹವಳದ ದಿಬ್ಬಗಳಲ್ಲಿರುವ ಈ ಜಾತಿಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬೆಳಕಿನಿಂದ ತನ್ನ ಅಡುಗೆ ಮಾಡಿಕೊಂಡು, ಇರಲು ಜಾಗ ಕೊಟ್ಟ ಪ್ರಾಣಿಗೂ ಉಣಿಸುತ್ತದೆ. ನೀರು ಕಾದರೆ, ಬೆಳಕು ಸಾಲದಿದ್ದರೆ, ಉಪ್ಪು ಏರುಪೇರಾದರೆ ಆ ಪಾಚಿ ಹೊರಬೀಳುತ್ತದೆ. ಬಿಳಿಚಿಕೊಂಡ ಅನೆಮೊನಿ ಅಂದರೆ ಹಸಿದ ಅನೆಮೊನಿ. ಇಂಥದ್ದನ್ನೇ ಅಪರೂಪದ ಬಿಳಿ ಜಾತಿ ಅಂತ ಹೆಚ್ಚು ದುಡ್ಡಿಗೆ ಮಾರುವವರಿದ್ದಾರೆ. ಹಳದಿ, ನೇರಳೆ ಬಣ್ಣ ಕುಡಿಸಿ ಮಾರುವ ದಂಧೆಯೂ ಇದೆ.

ಇದಕ್ಕೆ ಬೇಕಾದದ್ದು ಸುಮಾರು 24ರಿಂದ 27 ಡಿಗ್ರಿಯ ನೀರು, ಸಾವಿರಕ್ಕೆ 35 ಪಾಲು ಉಪ್ಪು, ಅಮೋನಿಯಾ ಸೊನ್ನೆ. ಎಲ್ಲಕ್ಕಿಂತ ಮುಖ್ಯ, ಇವು ಇವತ್ತೊಂದು ನಾಳೆಯೊಂದು ಆಗಬಾರದು. ನಮ್ಮಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ, ಕರೆಂಟು ಯಾವಾಗ ಹೋಗುತ್ತೋ ದೇವರಿಗೇ ಗೊತ್ತು. ಬಿಸಿಲಿಗೆ ತೊಟ್ಟಿಯ ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಕಡಿಮೆಯಾದ ನೀರಿನ ಜಾಗಕ್ಕೆ ಮತ್ತೆ ಉಪ್ಪುನೀರನ್ನೇ ಸುರಿದರೆ ಉಪ್ಪು ಏರುತ್ತಲೇ ಹೋಗುತ್ತದೆ. ಇದನ್ನ ತುಂಗಭದ್ರಾ ಎಡದಂಡೆ ಕಾಲುವೆಯ ರೈತನಿಗೆ ಯಾರೂ ಕಲಿಸಬೇಕಿಲ್ಲ. ಅತಿ ನೀರು ಹಾಯಿಸಿದ ಹೊಲದಲ್ಲಿ ನೀರು ಆರಿ ಉಪ್ಪು ಮೇಲೆ ಬಂದು ಭೂಮಿ ಸವಳಾದದ್ದನ್ನ ಅವನು ಕಣ್ಣಾರೆ ಕಂಡಿದ್ದಾನೆ. ಅವನ ಮಗ ಮಾತ್ರ ಹಾಲ್‌ನಲ್ಲಿ ಅದನ್ನೇ ಮಾಡಿ, "ಏನೋ ರೋಗ ಬಂದೈತಿ" ಅಂತಾನೆ.

ಇನ್ನು ಔಷಧಿ ವಿಚಾರ. ಮೀನಿನ ಚುಕ್ಕೆ ರೋಗಕ್ಕೆ ಕೊಡುವ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ. ನಾವು ಬೋರ್ಡೋ ದ್ರಾವಣಕ್ಕೆ ಹಾಕುವ ಮೈಲುತುತ್ತದ ತಾಮ್ರವೇ. ಮೀನು ತಡೆದುಕೊಂಡೀತು, ಅನೆಮೊನಿಗೆ ಅದು ವಿಷ. ಸಿಪ್ರೊ, ಅಂದರೆ ಸಿಪ್ರೊಫ್ಲಾಕ್ಸಸಿನ್, ಮನುಷ್ಯರ ಸೋಂಕಿಗೆ ಇರುವ ಆಂಟಿಬಯೋಟಿಕ್. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ.

ಸಿಪ್ರೊದಿಂದ ಅನೆಮೊನಿ ಬದುಕಿದ್ದನ್ನ ನೋಡಿದ್ದೇವೆ ಅನ್ನುವ ಅನುಭವಿ ಸಾಕಣೆದಾರರಿದ್ದಾರೆ. ಅದನ್ನ ನಾನು ಅಲ್ಲಗಳೆಯಲ್ಲ. ದೂರ ಸಾಗಿಸಿದಾಗ ಗಾಯವಾಗಿ ಬ್ಯಾಕ್ಟೀರಿಯಾ ಸೋಂಕು ತಗುಲಿದ್ದರೆ ಅದು ಉಪಯೋಗಕ್ಕೆ ಬಂದೀತು. ಆದರೆ ಅವರು ಬೇರೆ ತೊಟ್ಟಿಯಲ್ಲಿಟ್ಟು, ಅಳೆದು ಹಾಕಿ, ದಿನಾ ನೀರು ಬದಲಿಸಿ, ವಾರಗಟ್ಟಲೆ ಕಾಯುತ್ತಾರೆ. ನಮ್ಮವರು ಮಾತ್ರೆ ಪುಡಿ ಮಾಡಿ ಮೀನಿರುವ ತೊಟ್ಟಿಗೇ ಸುರಿಯುತ್ತಾರೆ. ಅಮೋನಿಯಾ ತಿಂದು ನೀರು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಅದರಿಂದ ಪೆಟ್ಟು ಬೀಳಬಹುದು. ಆಮೇಲೆ ಆ ನೀರು ಮೋರಿಗೆ. ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯೋದು ಇಂಥ ಮೋರಿಗಳಲ್ಲೇ. ನಾಳೆ ಅದೇ ಓಣಿಯ ಅಜ್ಜಿಗೆ ಸೋಂಕಾದಾಗ ಸಿಪ್ರೊ ಕೆಲಸ ಮಾಡದಿದ್ದರೆ ಯಾರನ್ನ ಕೇಳೋದು?

ಇದು ಗಾಜಿನ ಪೆಟ್ಟಿಗೆಯೊಳಗಿನ ಚಟ ಅಷ್ಟೇ ಅಲ್ಲ, ನಮ್ಮ ಸೀಮೆಯದೇ ಚಟ. ಜ್ವರ ಬಂದ್ರೆ "ಒಂದು ಸೂಜಿ ಮಾಡ್ರಿ", ಸುಸ್ತಾದ್ರೆ "ಸಲೈನ್ ಹಚ್ರಿ". ಏನು ಕುಡಿದಿ ಅಂತ ಯಾರೂ ಕೇಳಲ್ಲ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಬೋರ್ ನೀರಿನ ಫ್ಲೋರೈಡಿಗೆ ಮಕ್ಕಳ ಹಲ್ಲು ಕಂದಾಗಿವೆ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ನೀರು ಕೊಲ್ಲುತ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ಕಾಯಿಲೆ ಅಂದ ಕೂಡಲೇ ನಮ್ಮ ಕಾಲು ಮೆಡಿಕಲ್ ಶಾಪ್ ಕಡೆಗೇ ತಿರುಗುತ್ತವೆ.

"ಅವು ಬಾಳೋದೇ ಅಷ್ಟು ದಿನ ಬಿಡ್ರಿ" ಅಂತಾರೆ ಅಂಗಡಿಯವರು. ಸುಳ್ಳು. ಸ್ಕಾಟ್ಲೆಂಡಿನ ಜಾನ್ ಗ್ರಹಾಂ ಡಾಲ್ಯೆಲ್ 1828ರಲ್ಲಿ ಕಡಲ ದಡದಿಂದ ಒಂದು ಅನೆಮೊನಿ ತಂದು ಗಾಜಿನ ಜಾಡಿಯಲ್ಲಿ ಸಾಕಿದ. ಅವನು 1851ರಲ್ಲಿ ತೀರಿಕೊಂಡ. ಅನೆಮೊನಿ ಕೈಯಿಂದ ಕೈಗೆ ಹೋಗಿ 1887ರವರೆಗೆ ಬದುಕಿತ್ತು. ಜನ ಅದಕ್ಕೆ "ಗ್ರ್ಯಾನಿ", ಅಂದರೆ ಅಜ್ಜಿ, ಅಂತ ಹೆಸರಿಟ್ಟಿದ್ದರು. ಅದು ತಣ್ಣನೆ ಕಡಲಿನ ಗಟ್ಟಿ ಜಾತಿ ನಿಜ. ಆದರೆ ಎಲ್‌ಇಡಿ ಇಲ್ಲದೆ, ಫಿಲ್ಟರ್ ಇಲ್ಲದೆ ಜಾಡಿಯಲ್ಲಿ 59 ವರ್ಷ ಅದನ್ನ ಉಳಿಸಿದ್ದು ತಪ್ಪದೆ ಬದಲಿಸಿದ ಕಡಲ ನೀರು.

ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ ಅಂತ ಎದೆ ತಟ್ಟಿಕೊಳ್ತೀವಿ. ಅದೇ ರಾಜ ಗಿರ್ನಾರದ ಬಂಡೆಯಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದನ್ನ ಬರೆಸಿದ್ದಾನೆ. ಅಲ್ಲೇ ಬಾವಿ ತೋಡಿಸಿದ್ದನ್ನೂ ಬರೆಸಿದ್ದಾನೆ. ಔಷಧಿ, ನೀರು ಎರಡೂ ಒಂದೇ ಶಾಸನದಲ್ಲಿವೆ.

ಹಾಗಾಗಿ ನನ್ನ ಮಾತು ನೇರ. ತೊಟ್ಟಿ ಕಟ್ಟಿದ ವಾರಕ್ಕೇ ಅನೆಮೊನಿ ಮಾರುವವನು ಮೋಸಗಾರ. ತೊಟ್ಟಿ ಪಕ್ವವಾಗಲು ಆರು ತಿಂಗಳಿಂದ ವರ್ಷ ಬೇಕು. ಈಗಾಗಲೇ ಕಾಯಿಲೆ ಬಿದ್ದಿದ್ದರೆ ಮೊದಲು ನೀರು ಅಳೆಯಿರಿ. ಆರಿದ ನೀರಿನ ಜಾಗಕ್ಕೆ ಆರ್‌ಒ ನೀರು ಹಾಕಿರಿ, ತಣ್ಣಗಿಡಿ, ಪಂಪಿನ ಬಾಯಿಗೆ ಜಾಲರಿ ಕಟ್ಟಿರಿ. ಬಿಳಿಚಿದ್ದರೆ ನಿಧಾನಕ್ಕೆ ಬೆಳಕು ಹೆಚ್ಚಿಸಿ, ಸಣ್ಣ ಸಣ್ಣ ತುಣುಕು ತಿನ್ನಿಸಿ. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು. ಕೊಳೆತು ನಾರುತ್ತಿದ್ದರೆ ಕೂಡಲೇ ತೆಗೆಯಿರಿ, ಇಲ್ಲವಾದರೆ ಮೀನೂ ಸಾಯುತ್ತವೆ. ಔಷಧಿ ಬೇಕೇ ಬೇಕು ಅನಿಸಿದರೆ ಪಶುವೈದ್ಯರನ್ನೋ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರನ್ನೋ ಕೇಳಿ, ಅಂಗಡಿಯವನನ್ನಲ್ಲ. ಬರೀ ಕ್ಲೌನ್ ಮೀನು ನೋಡೋ ಆಸೆಯಾದರೆ ಸಾಕಣೆಯಲ್ಲೇ ಹುಟ್ಟಿದ ಮರಿ ತನ್ನಿ, ಅವು ಅನೆಮೊನಿ ಇಲ್ಲದೆಯೂ ಚೆನ್ನಾಗೇ ಇರ್ತವೆ.

ಕೊಳ್ಳುವ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಕರೆಂಟು ಹೋಗಿ, ನೀವು ಹೊರಗಿದ್ದಾಗ, ಆ ನೀರನ್ನ ತಣ್ಣಗಿಡೋರು ಮನೆಯಲ್ಲಿ ಯಾರಿದ್ದಾರೆ? ಯಾರೂ ಇಲ್ಲ ಅಂದ್ರೆ ಅದನ್ನ ಕಡಲಲ್ಲೇ ಬಿಡ್ರಿ.