ಹೊರಗಿನ ಹೊಳಪು, ಒಳಗಿನ ತುಕ್ಕು

ಕರಾವಳಿಯ ನಮ್ಮ ಅನೇಕ ಮನೆಗಳ ಅಂಗಳದಲ್ಲಿ ನಿಂತಿರುವ ಕಾರು ಗಲ್ಫ್‌ನ ಸುಡುಬಿಸಿಲಿನಲ್ಲಿ ದುಡಿದ ವರ್ಷಗಳ ಗಳಿಕೆ. ಅದನ್ನು ನಾವು ವಾರವಾರವೂ ಒರೆಸಿ ಹೊಳೆಯಿಸುತ್ತೇವೆ, ಸೀಟುಗಳಿಗೆ ಹೊಸ ಕವರ್ ಹಾಕಿಸುತ್ತೇವೆ. ಆದರೆ ಬಾನೆಟ್ ತೆರೆದು ಎಂಜಿನ್ ಆಯಿಲ್‌ನ ಮಟ್ಟ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಇಂದಿನ ಹೆಚ್ಚಿನ ಕಾರುಗಳಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕು. ‘ಗಾಡಿ ಓಡಿದ್ದೇ ಕಡಿಮೆ’ ಎಂಬ ನಮ್ಮ ನಿತ್ಯದ ಸಮಜಾಯಿಷಿ ಇಲ್ಲಿ ಸಲ್ಲದು. ಮಗ ರಜೆಗೆ ಬರುವವರೆಗೂ ಶೆಡ್ಡಿನಲ್ಲೇ ಇದ್ದು, ಆಗೊಮ್ಮೆ ಈಗೊಮ್ಮೆ ಪೇಟೆಯವರೆಗೆ ಮಾತ್ರ ಹೋಗಿಬರುವ ಕಾರಿನ ಎಂಜಿನ್ ಚೆನ್ನಾಗಿ ಕಾಯುವುದೇ ಇಲ್ಲ. ಆಯಿಲ್‌ಗೆ ಸೇರಿದ ತೇವಾಂಶ ಆರದೆ ಅಲ್ಲೇ ಉಳಿಯುತ್ತದೆ.

ಬ್ರೇಕ್ ಆಯಿಲಂತೂ ಗಾಳಿಯಲ್ಲಿನ ತೇವವನ್ನು ತಾನಾಗಿ ಹೀರುತ್ತದೆ. ತೇವ ಹೆಚ್ಚಿದಂತೆ ಅದು ಬೇಗ ಕುದಿಯುತ್ತದೆ. ಕುದಿದರೆ ಪೆಡಲ್ ತುಳಿದರೂ ಬ್ರೇಕ್ ಹಿಡಿಯದು. ಮಡದಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುವ ನಾವು ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಲು ಚೌಕಾಸಿ ಮಾಡುವುದು ಎಂತಹ ಲೆಕ್ಕಾಚಾರ!

ಇನ್ನು ತುಕ್ಕು. ಉಪ್ಪುಗಾಳಿ ಮತ್ತು ಮಳೆಯ ಈ ನಾಡಿನಲ್ಲಿ ಎಂಜಿನ್ ಗಟ್ಟಿಯಾಗಿರುವಾಗಲೇ ಕಾರಿನ ಮೈ ಸಾಯುತ್ತದೆ. ಮಳೆಗಾಲದಲ್ಲಿ ಚಕ್ರಗಳ ಮೇಲ್ಭಾಗಕ್ಕೆ ಮೆತ್ತಿದ ಕೆಸರನ್ನು ತೊಳೆಯಬೇಕು. ಬಾಗಿಲುಗಳ ಕೆಳಅಂಚಿನಲ್ಲಿರುವ ಸಣ್ಣ ರಂಧ್ರಗಳು ಒಳಗಿಳಿದ ನೀರು ಹರಿದುಹೋಗಲೆಂದೇ ಇರುವಂಥವು. ಮಣ್ಣು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಿದರೆ ಸಾಕು. ನಮ್ಮ ಹಳೆಯ ಕಾರಿನ ವಿಷಯದಲ್ಲಿ ನಾವು ಇದನ್ನು ಅರಿತದ್ದು, ಥಳಥಳಿಸುತ್ತಿದ್ದ ಬಾಗಿಲಿನ ತಳ ಬೆರಳು ತಾಗಿದೊಡನೆ ಪುಡಿಯಾಗಿ ಉದುರಿದಾಗ.