ಬೀಗ ಹಾಕಿ, ಬೀಗದ ಕೈ ಸಮೇತ ಹೋದವರು

ಪಡೀಲಿನಲ್ಲಿ ಹೈವೇ ಬಿಟ್ಟು ಸ್ವಲ್ಪ ಒಳಗೆ ಹೋದರೆ ಒಂದು ಮನೆಯ ಮಹಡಿಯಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಉಂಟು. ಜಂಕ್ಷನ್ನಿನ ಕಡೆಗೆ ಗೂಡ್ಸು ಬರುವಾಗ ಹಾಡುವವರನ್ನು ಕೈಯೆತ್ತಿ ನಿಲ್ಲಿಸಬೇಕು, ರೈಲು ದಾಟಿದ ಮೇಲೆ ಮತ್ತೆ ಶುರು. ತುಳು ನಾಟಕದ ಹಾಡು, ಭಜನೆ, ಕೊಂಕಣಿ ಪದ, ಬ್ರಹ್ಮಕಲಶದ ಅನೌನ್ಸ್‌ಮೆಂಟು ಎಲ್ಲ ಅಲ್ಲೇ ಆಗುವುದು. 2007ರ ಮಳೆಗಾಲದಲ್ಲಿ ನನ್ನ ದೊಡ್ಡಪ್ಪ ಅಲ್ಲಿ ಕೂತು ‘ಪಂಚವಟಿ’ಯ ಪದ್ಯ ಹೇಳಿದ್ದರು. ಮೇಳದ ತಿರುಗಾಟ ಮುಗಿದ ಮೇಲೆ ಅಲ್ವಾ ಭಾಗವತರಿಗೆ ಪುರುಸೊತ್ತು!

ಆಗ ಒಂದು ಸಿಡಿ ಬಂದಿತ್ತು. ಅದರಲ್ಲಿ ಚೆಂಡೆ ಜೋರು. ಆಟದ ಗಮ್ಮತ್ತು ಬರಲಿ ಅಂತ ಮಿಕ್ಸ್ ಮಾಡುವಾಗ ಹಾಗೆ ಮಾಡಿದ್ದು, ತಪ್ಪಲ್ಲ. ಆದರೆ ದೊಡ್ಡಪ್ಪ ಈಗ ಇಲ್ಲ, ಅವರ ಮೊಮ್ಮಗಳು ಭಾಗವತಿಕೆ ಕಲೀತಾ ಇದ್ದಾಳೆ. ಅಜ್ಜ ಎಲ್ಲಿ ಉಸಿರು ತೆಗೀತಿದ್ದರು, ಯಾವ ಅಕ್ಷರವನ್ನು ತಾಳದಿಂದ ಒಂದು ಕೂದಲು ಹಿಂದೆ ಬಿಡುತ್ತಿದ್ದರು ಅಂತ ಅವಳಿಗೆ ಕೇಳಬೇಕು. ಸಿಡಿಯಲ್ಲಿ ಅದು ಕೇಳುವುದಿಲ್ಲ. ಸ್ವರ ಬೇರೆ, ಚೆಂಡೆ ಬೇರೆ, ಮದ್ದಳೆ ಬೇರೆ ಟ್ರ್ಯಾಕಿನಲ್ಲಿ ತೆಗೆದದ್ದು ಅಂತ ನನಗೆ ಗೊತ್ತಿತ್ತು. ಹೋಗಿ ಸ್ಟುಡಿಯೋದ ಅಣ್ಣನಲ್ಲಿ ಕೇಳಿದೆ.

“ಎಲ್ಲ ಉಂಟು ಮಾರಾಯಾ, ಒಂದೂ ಡಿಲೀಟ್ ಮಾಡ್ಲಿಲ್ಲ. ಆದ್ರೆ ತೆಗೀಲಿಕ್ಕೆ ಆಗುದಿಲ್ಲ.”

ಕತೆ ಇಷ್ಟೆ. ಸಾಫ್ಟ್‌ವೇರನ್ನು ಅವರು 2002ರಲ್ಲಿ ಬಿಲ್ಲು ಸಮೇತ ಕೊಂಡದ್ದು, ಸೊಸೈಟಿಯಿಂದ ಸಾಲ ಮಾಡಿ. ವಿಂಡೋಸ್ ಎಕ್ಸ್‌ಪಿ ಮೆಷಿನ್ನಿನಲ್ಲಿ ಹದಿನೈದು ವರ್ಷ ಚೆನ್ನಾಗಿಯೇ ಓಡಿತು. ಒಂದು ಎಪ್ರಿಲಿನ ಸಂಜೆ ಸಿಡಿಲು ಬಂದು ಮದರ್‌ಬೋರ್ಡು ಹೋಯಿತು. ಹಾರ್ಡ್‌ಡಿಸ್ಕು ಉಳಿಯಿತು. ಇದು ಸಣ್ಣ ಕೆಲಸ, ನಾನು ಬಿ.ಇ. ಮಾಡಿದವ, ಹತ್ತು ವರ್ಷದಿಂದ ಇದೇ ಅನ್ನ ತಿನ್ನುವವ ಅಂತ ಎಣಿಸಿ ಡಿಸ್ಕನ್ನು ಮನೆಗೆ ತಂದೆ.

ವಿಂಡೋಸ್ 11 ಇದ್ದ ನನ್ನ ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲರೇ ಏಳಲಿಲ್ಲ. ಒಳಗಿನ ಪ್ರೋಗ್ರಾಮು 32 ಬಿಟ್‌ನದ್ದು, ಅದು ಬೇಕಾದರೆ ಓಡುತ್ತಿತ್ತು. ಅದನ್ನು ಕೂರಿಸುವ ಇನ್‌ಸ್ಟಾಲರು ಮಾತ್ರ ಇನ್ನೂ ಹಳೆಯ 16 ಬಿಟ್‌ನದ್ದು, ಅದನ್ನು 64 ಬಿಟ್‌ನ ವಿಂಡೋಸ್ ಹತ್ತಿರ ಸೇರಿಸುವುದಿಲ್ಲ. ಬಾಗಿಲು ಸರಿ ಉಂಟು, ದಾರಂದವೇ ಇಲ್ಲ ಅಂದ ಹಾಗೆ. ಸರಿ ಅಂತ ವರ್ಚುವಲ್ ಮೆಷಿನ್ ಮಾಡಿ ಅದರೊಳಗೆ ಎಕ್ಸ್‌ಪಿ ಹಾಕಿದೆ. ಈಗ ಪ್ರೋಗ್ರಾಮು ಎದ್ದು ಕೂತಿತು. ಎದ್ದು ಕೂತು ಕೇಳಿತು: ಇದು ಹೊಸ ಕಂಪ್ಯೂಟರ್, ನಮ್ಮ ಸರ್ವರಿನಿಂದ ಮತ್ತೆ ಅನುಮತಿ ತನ್ನಿ.

ಸರ್ವರ್ ಎಲ್ಲುಂಟು? ಕಂಪನಿಯನ್ನು ಇನ್ನೊಬ್ಬರು ಕೊಂಡಿದ್ದಾರೆ, ಅವರನ್ನು ಮತ್ತೊಬ್ಬರು ಕೊಂಡಿದ್ದಾರೆ. ಹೆಸರು ಬೇಡ, ಈ ಊರಿನಲ್ಲಿ ಇಂಥವರು ಒಬ್ಬರಲ್ಲ. ಬಿಲ್ಲಿನ ಫೋಟೋ ಹಾಕಿ ಮೈಲ್ ಮಾಡಿದೆ. ಉತ್ತರ ಬಹಳ ವಿನಯದಿಂದ ಬಂತು: ಆ ಉತ್ಪನ್ನಕ್ಕೆ ಈಗ ಬೆಂಬಲ ಇಲ್ಲ, ಹೊಸದನ್ನು ಕೊಳ್ಳಿ. ಹೊಸದರಲ್ಲಿ ಈ ಹಳೆ ಫೈಲು ತೆರೆಯುತ್ತದಾ ಅಂತ ಕೇಳಿದೆ. ಇಲ್ಲವಂತೆ!

ಇಲ್ಲಿ ನನಗೆ ಪಿತ್ತ ನೆತ್ತಿಗೇರಿತು. ಸಾಫ್ಟ್‌ವೇರ್ ಹಳತಾಗುತ್ತದೆ ಅಂತ ನಾವು ಇಂಜಿನಿಯರುಗಳು ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ ಎಂಬ ಹಾಗೆ ಹೇಳುತ್ತೇವೆ. ಸುಳ್ಳು. ಅದು ಸವೆಯುವ ವಸ್ತು ಅಲ್ಲ. ನಮ್ಮೂರ ಭಜನಾ ಮಂದಿರದ ಹಾರ್ಮೋನಿಯಂ ನನ್ನ ಅಜ್ಜನ ಕಾಲದ್ದು, ಬತ್ತೆ ಹರಿದರೆ ಹೊಸದು ಅಂಟಿಸುತ್ತಾರೆ. ಚೆಂಡೆಯ ಚರ್ಮ ಹೋದರೆ ಬೇರೆ ಬಿಗಿಯುತ್ತಾರೆ. ಅದನ್ನು ಮಾರಿದ ಅಂಗಡಿ ಮುಚ್ಚಿದೆ ಅಂತ ಹಾರ್ಮೋನಿಯಂ ಬಾಯಿ ಮುಚ್ಚಿಕೊಂಡದ್ದನ್ನು ಯಾರಾದರೂ ಕಂಡಿದ್ದೀರಾ? ನಮ್ಮ ಪ್ರೋಗ್ರಾಮಿಗೆ ಆದದ್ದು ಮುಪ್ಪಲ್ಲ. ಅದು ಆರೋಗ್ಯವಾಗಿಯೇ ಇದೆ. ಹೊರಗೆ ಬೀಗ ಉಂಟು, ಬೀಗ ಹಾಕಿದವರು ಬೀಗದ ಕೈ ಸಮೇತ ಊರು ಬಿಟ್ಟಿದ್ದಾರೆ.

ಇದನ್ನು ಹೇಳಿದಾಗ ನನ್ನ ಆಫೀಸಿನವರು ಮೂರು ಉತ್ತರ ಕೊಟ್ಟರು.

ಒಂದು, ಅದೆಲ್ಲ ಎಐ ಮಾಡುತ್ತದೆ, ಸಿಡಿಯಿಂದಲೇ ಸ್ವರ ಬೇರ್ಪಡಿಸು ಅಂತ. ಮಾಡಿ ನೋಡಿದೆ. ಮೆಟಾದವರ ಡೆಮುಕ್ಸ್ ಹಾಡನ್ನು ಡ್ರಮ್ಸ್, ಬೇಸ್, ಸ್ವರ, ಉಳಿದದ್ದು ಅಂತ ನಾಲ್ಕು ಪಾಲು ಮಾಡುತ್ತದೆ. ಪಾಪ, ಅದಕ್ಕೆ ಚೆಂಡೆ ಎಲ್ಲಿ ಗೊತ್ತು? ಪೆಟ್ಟು ಬಿದ್ದಲ್ಲೆಲ್ಲ ದೊಡ್ಡಪ್ಪನ ಸ್ವರ ಕೆರೆಯಲ್ಲಿ ಮುಳುಗಿ ಎದ್ದ ಹಾಗೆ ಕೇಳಿಸಿತು. ಕಲಿಯುವ ಹುಡುಗಿಗೆ ಬೇಕಾದದ್ದು ಆ ಪೆಟ್ಟಿನ ಜಾಗವೇ.

ಎರಡನೆಯದು, ಕ್ರ್ಯಾಕ್ ಹಾಕು. ಮೂರು ರಾತ್ರಿ ಹುಡುಕಿದೆ. ಎರಡು ವೈರಸ್ಸು, ಮೂರನೆಯದು ಮುಂದಿನ ಆವೃತ್ತಿಯದ್ದು. ತಮಾಷೆ ನೋಡಿ: ಆ ಕಾಲದಲ್ಲಿ ಕದ್ದ ಪ್ರತಿ ಹಾಕಿಕೊಂಡವರದ್ದು ಯಾವ ಮೆಷಿನ್ನಿಗೆ ಹಾಕಿದರೂ ಕೇಳದೆ ಓಡುತ್ತದೆ. ಸಾಲ ಮಾಡಿ ಕೊಂಡವನು ಹೊರಗೆ. ಕಾನೂನಾದರೂ ಏನನ್ನುತ್ತದೆ? ನಾನು ವಕೀಲ ಅಲ್ಲ, ಓದಿದ್ದು ಹೇಳುತ್ತೇನೆ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಸೆಕ್ಷನ್ನಿನ ಪ್ರಕಾರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ಆ ‘ಉದ್ದೇಶದಿಂದ’ ಎಂಬ ಮಾತು ಒಳ್ಳೆಯದು, ದೊಡ್ಡಪ್ಪನ ಪದ್ಯ ಕೇಳುವುದು ಅದರಲ್ಲಿ ಬರಲಾರದು. ಅಮೆರಿಕದಲ್ಲೂ, ಹಾಳಾಗಿ ಬದಲಿ ಸಿಗದ ಡಾಂಗಲ್‌ನ ಬೀಗ ದಾಟಲು 2003ರಲ್ಲಿ ವಿನಾಯಿತಿ ಕೊಟ್ಟಿದ್ದರು. ಆದರೆ ಒಡೆಯಬಹುದು ಅಂದ ಮಾತ್ರಕ್ಕೆ ಒಡೆಯುವ ವಿದ್ಯೆ ಪಡೀಲಿನ ಸ್ಟುಡಿಯೋದವರಿಗೆ ಬರಬೇಕಲ್ಲ?

ಮೂರನೆಯ ಉತ್ತರ ಸ್ವಲ್ಪ ಗಟ್ಟಿ: ಹಳೆ ಸಾಫ್ಟ್‌ವೇರನ್ನು ಎಷ್ಟು ವರ್ಷ ಸಾಕುವುದು, ಖರ್ಚು ಯಾರದ್ದು? ಒಪ್ಪಿದೆ. ಆಪಲ್ 2019ರಲ್ಲಿ ಕ್ಯಾಟಲಿನಾ ತಂದಾಗ 32 ಬಿಟ್ ಪ್ರೋಗ್ರಾಮುಗಳನ್ನೆಲ್ಲ ಒಂದೇ ಸಲ ಕೈಬಿಟ್ಟಿತು, ಅದಕ್ಕೂ ಕಾರಣ ಇರಬಹುದು. ಆದರೆ ಸಾಕಿ ಅಂತ ಕೇಳಿದವರು ಯಾರು? ಹೊಸ ಡ್ರೈವರ್ ಬೇಡ, ಸಪೋರ್ಟ್ ಬೇಡ, ಹಳೆ ಮೆಷಿನ್ನನ್ನೋ ವರ್ಚುವಲ್ ಮೆಷಿನ್ನನ್ನೋ ಇಂಟರ್ನೆಟ್ಟಿಗೆ ತಾಗಿಸದೆ ನಾವೇ ನೋಡಿಕೊಳ್ಳುತ್ತೇವೆ. ನಮ್ಮ ಎಷ್ಟೋ ಪ್ರೆಸ್ಸಿನವರು ಪೇಜ್‌ಮೇಕರನ್ನು ಹಾಗೇ ನೋಡಿಕೊಂಡು ಬಂದಿಲ್ವಾ? ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ನಾವು ಕೇಳುವುದು ಎರಡೇ. ಅಂಗಡಿ ಮುಚ್ಚುವ ದಿನ ಬೀಗ ತೆಗೆದು ಹೋಗಿ, ಫೈಲಿನೊಳಗೆ ಏನು ಎಲ್ಲಿ ಇಟ್ಟಿದ್ದೀರಿ ಅಂತ ನಾಲ್ಕು ಹಾಳೆ ಬರೆದಿಟ್ಟು ಹೋಗಿ.

ಅದಾಗದ ಕೆಲಸ ಅಂತ ಹೇಳಬೇಡಿ. ಅಡೋಬಿಯವರು ಸಿಎಸ್2 ಕಾಲದ ಅನುಮತಿ ಸರ್ವರು ನಿಲ್ಲಿಸಿದಾಗ, 2013ರಲ್ಲಿ, ಸರ್ವರನ್ನು ಕೇಳದ ಆವೃತ್ತಿಗಳನ್ನು ಹಳೆ ಗಿರಾಕಿಗಳಿಗಾಗಿ ಹೊರಗಿಟ್ಟರು. ಅದರಲ್ಲಿ ಆಡಿಷನ್ 3 ಕೂಡ ಇತ್ತು, ಅಂದರೆ ನಮ್ಮ ಹಳೆ ಕೂಲ್ ಎಡಿಟ್‌ನ ಮಗ. ಕೇಕ್‌ವಾಕನ್ನು ಗಿಬ್ಸನ್‌ನವರು 2017ರಲ್ಲಿ ನಿಲ್ಲಿಸಿದರೆ, ಮರುವರ್ಷ ಬ್ಯಾಂಡ್‌ಲ್ಯಾಬ್‌ನವರು ತೆಗೆದುಕೊಂಡು ಪುಕ್ಕಟೆ ಕೊಟ್ಟರು. ಮನಸ್ಸಿದ್ದವರಿಗೆ ಆಗಿದೆ.

ಮನಸ್ಸು ಯಾಕಿಲ್ಲ ಅಂತ ನನಗೆ ಗೊತ್ತುಂಟು, ಯಾಕೆಂದರೆ ಆ ಮೀಟಿಂಗಿನಲ್ಲಿ ನಾನೂ ಕೂತಿದ್ದೇನೆ. ನಮ್ಮ ಕಂಪನಿಯ ಒಂದು ಉತ್ಪನ್ನ ನಿಲ್ಲಿಸುವಾಗ ‘ಎಂಡ್ ಆಫ್ ಲೈಫ್’ ಅಂತ ಸ್ಲೈಡು ಮಾಡಿದ್ದು ನಾನೇ. ಎಷ್ಟು ಗಿರಾಕಿಗಳು ಹೊಸದಕ್ಕೆ ಬರಬಹುದು ಅಂತ ಒಂದು ಅಂಕಣ ಇತ್ತು. ಬಾರದವರು ಏನು ಮಾಡುತ್ತಾರೆ ಅಂತ ಅಂಕಣ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ನಾನೂ ಕೇಳಲಿಲ್ಲ. ಬೀಗ ತೆಗೆಯುವ ಆವೃತ್ತಿ ಮಾಡಲು ಒಬ್ಬನಿಗೆ ಎರಡು ವಾರ ಸಾಕಿತ್ತು.

ಇನ್ನು ಸ್ಟುಡಿಯೋ ಇಟ್ಟುಕೊಂಡವರಿಗೆ, ಮನೆಯಲ್ಲೇ ಹಾಡು ಮಾಡುವ ಹುಡುಗರಿಗೆ ಒಂದು ಮಾತು. ಪ್ರಾಜೆಕ್ಟ್ ಫೈಲನ್ನು ನಂಬಬೇಡಿ. ಕೆಲಸ ಮುಗಿದ ದಿನ ಪ್ರತಿಯೊಂದು ಟ್ರ್ಯಾಕನ್ನೂ ಸೊನ್ನೆಯಿಂದ ಕೊನೆಯವರೆಗೆ ಒಂದೇ ಉದ್ದದ ವೇವ್ ಫೈಲಾಗಿ ತೆಗೆದಿಡಿ. ಸೌಕರ್ಯ ಇದ್ದರೆ ಬ್ರಾಡ್‌ಕಾಸ್ಟ್ ವೇವ್ ಮಾಡಿ. ಯುರೋಪಿನ ಪ್ರಸಾರ ಸಂಸ್ಥೆಗಳು ಸೇರಿ 1990ರ ದಶಕದಲ್ಲೇ ರೂಪಿಸಿದ್ದು, ತುಂಡು ಯಾವ ಹೊತ್ತಿಗೆ ಶುರುವಾಗಬೇಕು ಎಂಬುದನ್ನು ಫೈಲಿನೊಳಗೇ ಬರೆದಿಡುತ್ತದೆ.

ನಮ್ಮ ಡಿಸ್ಕಿನಲ್ಲಿ ಅದು ಇರಲಿಲ್ಲ. ವೇವ್ ಫೈಲುಗಳೇನೋ ಇದ್ದವು, ತೆರೆದವು ಕೂಡ. ಆದರೆ ಸ್ವರದ್ದೇ 214 ತುಂಡು, ಹೆಸರಿನ ಜಾಗದಲ್ಲಿ ಬರೀ ನಂಬರು. ಒಂದೊಂದು ಪದ್ಯ ಮೂರು ನಾಲ್ಕು ಸಲ ಹೇಳಿದ್ದಾರೆ, ರೈಲು ಬಂದಲ್ಲಿ ಕಡಿದಿದೆ. ಯಾವುದನ್ನು ಆರಿಸಿದ್ದು, ಯಾವುದರ ಹಿಂದೆ ಯಾವುದು ಅಂತ ತಿಳಿಯುವುದು ಆ ತೆರೆಯದ ಫೈಲಿಗೆ ಮಾತ್ರ.

ಕಡೆಗೆ ಲ್ಯಾಪ್‌ಟಾಪು ಹಿಡಿದುಕೊಂಡು ಊರಿಗೆ ಹೋದೆ. ದೊಡ್ಡಮ್ಮನ ಕಿವಿಗೆ ಹೆಡ್‌ಫೋನ್ ಇಟ್ಟು, ಬದಿಯಲ್ಲಿ ಸಿಡಿ, ಇನ್ನೊಂದು ಬದಿಯಲ್ಲಿ ತುಂಡುಗಳು. “ಇದಲ್ಲ ಮಗಾ, ಇದರಲ್ಲಿ ಅವರಿಗೆ ಗಂಟಲು ಕಟ್ಟಿದೆ,” ಅಂದರು. ಮುಂದಿನದಕ್ಕೆ, “ಹಾಂ, ಇದು. ಇದು ಊಟ ಆದ ಮೇಲಿನದ್ದು.” ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ನಂಬರು ಬರೆದುಕೊಂಡಳು. ನಾಲ್ಕು ಆದಿತ್ಯವಾರದಲ್ಲಿ 153 ಆಗಿದೆ. ಬರುವ ವಾರ ದೊಡ್ಡಮ್ಮನಿಗೆ ಕಣ್ಣಿನ ಆಪರೇಷನ್, ಅದಕ್ಕೆ ರಜೆ. ಉಳಿದ 61 ಅದರ ಮುಂದಿನ ವಾರಕ್ಕೆ.