ಗುಂಡಿ ಒತ್ತಿದರೆ ಸಂಶೋಧನೆಯೇ?

ನನ್ನ ತಂಗಿಯ ಮಗಳು ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಪ್ರೌಢಶಾಲೆಯ ಹುಡುಗಿಯರು ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮನೆಯಲ್ಲಿ ಎಷ್ಟು ಕೆಲಸ ಮಾಡುತ್ತಾರೆ ಎಂಬುದು ಅವಳ ವಿಷಯ. ಬಸ್ಸಿಗೆ ಕಾದು, ಊರೂರು ಅಲೆದು ಪ್ರಶ್ನಾವಳಿಗಳನ್ನು ತುಂಬಿಸಿಕೊಂಡು ಬಂದಳು. ಆಮೇಲೆ ಮಾಡಿದ್ದೇನು ಗೊತ್ತೆ? ಆ ಕಟ್ಟನ್ನು ಒಯ್ದು ಒಂದು ಜೆರಾಕ್ಸ್ ಅಂಗಡಿಗೆ ಕೊಟ್ಟಳು. ಥೀಸಿಸ್ ಟೈಪು, ಬೈಂಡಿಂಗಿನ ಜೊತೆಗೆ 'ಡೇಟಾ ಅನಾಲಿಸಿಸ್' ಕೂಡ ಅಲ್ಲಿ ಮಾಡಿಕೊಡುತ್ತಾರಂತೆ. ವಾರದ ಮೇಲೆ ಕೋಷ್ಟಕಗಳ ದಪ್ಪ ಕಂತೆ ಬಂತು. ಅಂಕಿಗಳ ತಲೆಯ ಮೇಲೆ ಅಲ್ಲಲ್ಲಿ ನಕ್ಷತ್ರ.

"ಇದೇನೇ?" ಎಂದೆ.

"ನಕ್ಷತ್ರ ಇದ್ರೆ ಸಿಗ್ನಿಫಿಕೆಂಟ್ ದೊಡ್ಡಮ್ಮ, ಇಲ್ಲದಿದ್ರೆ ಇಲ್ಲ."

"ಹಾಗಂದರೇನು?" ಎಂದರೆ ಉತ್ತರವಿಲ್ಲ. ಜಾತಕದ ನಕ್ಷತ್ರ ನೋಡುವವರ ಬಳಿಯಾದರೂ ಒಂದು ವಿವರಣೆ ಇರುತ್ತದೆ!

ಆ ನಕ್ಷತ್ರದ ಅರ್ಥ ಇಷ್ಟೇ: ವ್ಯತ್ಯಾಸವೇ ಇಲ್ಲ ಎಂದಿಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಣ್ಣಿಗೆ ಬೀಳುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ. 'ನನ್ನ ಮಾತು ನೂರಕ್ಕೆ ತೊಂಬತ್ತೈದು ಪಾಲು ನಿಜ' ಎಂದು ಅದರ ಅರ್ಥವಲ್ಲ. ಹಾಗೆಂದು ತಿಳಿಯಬೇಡಿ ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ 2016ರಲ್ಲಿ ಹೇಳಿಕೆ ಹೊರಡಿಸಬೇಕಾಯಿತು.

ಈಗ ಬೇಸಿಯನ್ ಎಂಬ ಹೊಸ ಗಾಳಿ ಬೀಸಿದೆ. ಹುಡುಗಿ ಕಾರ್ಯಾಗಾರಕ್ಕೆ ಹೋದಳು, ನಾನು ಅವಳ ಟಿಪ್ಪಣಿ ಹಿಡಿದು ಕಲಿತೆ. ಬಿ.ಎಡ್.ನಲ್ಲಿ ಓದಿದ ಸರಾಸರಿ, ಮಧ್ಯಾಂಕ, ಪ್ರಮಾಣ ವಿಚಲನೆ ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ. ಈ ವಿದ್ಯೆ ನನಗೆ ಇಷ್ಟವಾಯಿತು. ನನ್ನ ಜಗಳವೆಲ್ಲ ಅದನ್ನು ಕಲಿಸುವ ರೀತಿಯ ಮೇಲೆ.

ಹೊಸ ಗಾಳಿ ಎಂದೆ, ಆದರೆ ಇದು ಹಳೆಯದು. ಥಾಮಸ್ ಬೇಯ್ಸ್ ಇಂಗ್ಲೆಂಡಿನ ಒಬ್ಬ ಪಾದ್ರಿ. ಅವನು 1761ರಲ್ಲಿ ತೀರಿಕೊಂಡ ಮೇಲೆ ಅವನ ಲೇಖನವನ್ನು ಗೆಳೆಯ ರಿಚರ್ಡ್ ಪ್ರೈಸ್ 1763ರಲ್ಲಿ ಪ್ರಕಟಿಸಿದ. ಅದೇ ದಾರಿ ಹಿಡಿದ ಫ್ರಾನ್ಸಿನ ಲಾಪ್ಲಾಸ್ ಎತ್ತಿಕೊಂಡದ್ದು ಗಂಡು ಹೆಣ್ಣಿನ ಲೆಕ್ಕವನ್ನೇ. ಪ್ಯಾರಿಸ್ಸಿನಲ್ಲಿ 1745ರಿಂದ 1770ರವರೆಗೆ 2,51,527 ಗಂಡು, 2,41,945 ಹೆಣ್ಣು ಶಿಶುಗಳು ದಾಖಲಾಗಿದ್ದವು. ಗಂಡು ಹುಟ್ಟುವ ಸಂಭವವೇ ತುಸು ಹೆಚ್ಚು ಎಂಬುದರಲ್ಲಿ ಸಂಶಯವಿಲ್ಲ ಎಂದು ಅವನು ಲೆಕ್ಕ ಹಾಕಿ ತೋರಿಸಿದ. (ಅದು ಪ್ರಕೃತಿಯ ಲೆಕ್ಕ. ಸ್ಕ್ಯಾನಿಂಗ್ ಕೋಣೆಯ ಲೆಕ್ಕ ಬೇರೆ ಎಂದು ನಿಮಗೆ ಹೇಳಬೇಕಾಗಿಲ್ಲ.)

ಇದರ ತಿರುಳು ಅರಿಯಲು ಕಂಪ್ಯೂಟರ್ ಬೇಕಿಲ್ಲ. ಒಂದು ರಾತ್ರಿ ಊಟದ ಮೇಜಿನ ಮೇಲೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಒಂದು ಉದಾಹರಣೆ ಮಾಡಿದೆವು. ಹತ್ತರಲ್ಲಿ ಎಂಟು ಹುಡುಗಿಯರು ಗಂಟೆಗಿಂತ ಹೆಚ್ಚು ದುಡಿದೇ ಶಾಲೆಗೆ ಬರುತ್ತಾರೆ ಎಂಬುದು ನನ್ನ ನಂಬಿಕೆ. ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವ ಮುಖಗಳನ್ನು ವರ್ಷಗಟ್ಟಲೆ ನೋಡಿದವಳು ನಾನು. ಅವಳು ಹತ್ತಕ್ಕೆ ಐದು ಎಂದಳು. ಇಪ್ಪತ್ತು ಹುಡುಗಿಯರನ್ನು ಕೇಳಿದೆವು, ಹನ್ನೊಂದು ಮಂದಿ ಹೌದೆಂದರು ಎಂದಿಟ್ಟುಕೊಳ್ಳಿ. ನನ್ನ ಎಂಟಕ್ಕೆ ಹನ್ನೊಂದು ಸೇರಿ, 30ಕ್ಕೆ 19, ಅಂದರೆ ಶೇಕಡಾ 63. ಅವಳದು 30ಕ್ಕೆ 16, ಶೇಕಡಾ 53. ಮೂವತ್ತರಷ್ಟಿದ್ದ ನಮ್ಮ ಅಂತರ ಹತ್ತಕ್ಕಿಳಿಯಿತು. ಇನ್ನೂರು ಮಂದಿಯನ್ನು ಕೇಳಿ 110 ಜನ ಹೌದೆಂದಿದ್ದರೆ? ನನಗೆ 56, ಅವಳಿಗೆ 55. ಜಗಳವೇ ಮುಗಿಯಿತು! ನನ್ನ ಹಟ ಎಷ್ಟು ಗಟ್ಟಿ ಎಂಬುದಕ್ಕೂ ಇಲ್ಲಿ ಅಳತೆಯಿದೆ. ಹತ್ತರಲ್ಲಿ ಎಂಟು ಎನ್ನುವ ಬದಲು ನೂರರಲ್ಲಿ ಎಂಬತ್ತು ಎಂದು ಹಿಡಿದಿದ್ದರೆ, ನನ್ನನ್ನು ಕದಲಿಸಲು ಇನ್ನೂ ಹೆಚ್ಚು ಹುಡುಗಿಯರು ಬೇಕಾಗುತ್ತಿದ್ದರು.

"ಸಂಶೋಧನೆಯಲ್ಲಿ ನಿಮ್ಮ ನಂಬಿಕೆಗೇನು ಕೆಲಸ? ಅದು ಪೂರ್ವಗ್ರಹ" ಎನ್ನುವ ಪಂಡಿತರಿದ್ದಾರೆ. ಸ್ವಾಮಿ, ನಂಬಿಕೆಯಿಲ್ಲದೆ ಪ್ರಶ್ನಾವಳಿ ಬರೆದವರು ಯಾರು? 'ತಂದೆಯ ಉದ್ಯೋಗ' ಎಂಬ ಕಾಲಮ್ಮು ಇಟ್ಟು 'ತಾಯಿಯ ಉದ್ಯೋಗ'ಕ್ಕೆ ಜಾಗ ಬಿಡದಿದ್ದರೆ ಅದು ನಂಬಿಕೆಯಲ್ಲವೆ? ನೀವು ಅದನ್ನು ಜೇಬಿನಲ್ಲಿಟ್ಟುಕೊಳ್ಳುತ್ತೀರಿ, ನಾವು ಮೇಜಿನ ಮೇಲಿಡುತ್ತೇವೆ. ಮೇಜಿನ ಮೇಲಿದ್ದದ್ದನ್ನು ಯಾರೂ ತಪ್ಪೆಂದು ತೋರಿಸಬಹುದು.

ಆದರೆ ಕಾರ್ಯಾಗಾರದಲ್ಲಿ ಆದದ್ದು ಕೇಳಿ. ಜಾಸ್ಪ್ ಎಂಬ ತಂತ್ರಾಂಶವಿದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ಒಳ್ಳೆಯದೇ. ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎಂದು ಎರಡು ದಿನ ಒತ್ತಿಸಿದರು. ಎರಡು ಗುಂಪುಗಳನ್ನು ಹೋಲಿಸುವ ಪರೀಕ್ಷೆಯಲ್ಲಿ, ಪೂರ್ವ ನಂಬಿಕೆಯ ಜಾಗದಲ್ಲಿ ಮೊದಲೇ ತುಂಬಿಟ್ಟ ಒಂದು ಸಂಖ್ಯೆಯಿರುತ್ತದೆ: 0.707. "ಅದನ್ನು ಮುಟ್ಟಬೇಡಿ, ಹಾಗೇ ಬಿಡಿ" ಎಂದರಂತೆ. ಯಾರ ನಂಬಿಕೆಯಮ್ಮ ಇದು? ವ್ಯತ್ಯಾಸ ಇರುವುದಾದರೆ ಸುಮಾರು ಎಷ್ಟು ದೊಡ್ಡದಿರಬಹುದು ಎಂಬ ಊಹೆಯ ಹರವು ಅದು. ತಂತ್ರಾಂಶ ಮಾಡಿದವರು ಎಲ್ಲರಿಗೂ ಹೊಂದಲಿ ಎಂದು ಇಟ್ಟದ್ದು; ಬದಲಾಯಿಸಲು ಅವರೇ ಜಾಗವನ್ನೂ ಬಿಟ್ಟಿದ್ದಾರೆ. ನಮ್ಮ ಹುಡುಗಿಯರು ನೀರು ಸೇದುವುದನ್ನು, ರೊಟ್ಟಿ ತಟ್ಟುವುದನ್ನು ಆ 0.707 ನೋಡಿದೆಯೇ? ನಿನ್ನೆ 0.05ಕ್ಕೆ ಕೈಮುಗಿದವರು ಇಂದು ಇದಕ್ಕೆ ಕೈಮುಗಿಯುತ್ತಿದ್ದಾರೆ. ದೇವರು ಬದಲಾಯಿತು, ಪೂಜೆ ಅದೇ.

ತಂತ್ರಾಂಶವೇ ಬೇಡ ಎನ್ನುವಷ್ಟು ಹಳಬಳಲ್ಲ ನಾನು. ಊರು, ಜಾತಿ, ತಾಯಿಯ ಓದು, ಮನೆಯಲ್ಲಿರುವ ಚಿಕ್ಕ ಮಕ್ಕಳು ಎಲ್ಲ ಒಟ್ಟಿಗೆ ಸೇರಿದರೆ ಹಾಲಿನ ಪುಸ್ತಕ ಸಾಲದು. ಅದಕ್ಕೆಂದೇ ಕೇಂಬ್ರಿಜ್‌ನಲ್ಲಿ 1989ರಲ್ಲಿ ಬಗ್ಸ್ ಶುರುವಾಯಿತು, 2012ರಲ್ಲಿ ಸ್ಟ್ಯಾನ್ ಬಂತು. ಸಾವಿರಾರು ಬಾರಿ ಉತ್ತರ ಹುಡುಕಿ, ಬೇರೆ ಬೇರೆ ಕಡೆಯಿಂದ ಹೊರಟ ನಾಲ್ಕು ಸರಣಿಗಳು ಒಂದೇ ಕಡೆ ಸೇರಿದವೇ ಎಂದು ತೋರಿಸುವ ಕೆಲಸ ಅದರದು. ಸೇರಿದವೇ ಎಂದು ನೋಡುವ ಕೆಲಸ ನಮ್ಮದು. ಅದನ್ನೂ ಅಂಗಡಿಯವನಿಗೆ ಬಿಟ್ಟರೆ ಹೇಗೆ?

"ಹೆಂಗಸರಿಗೆ ಇಷ್ಟೆಲ್ಲ ಗಣಿತ ಯಾಕೆ, ಫಲಿತಾಂಶ ಸಿಕ್ಕರೆ ಸಾಲದೆ?" ಎಂದು ಹಿರಿಯರೊಬ್ಬರು ಕೇಳಿದರು. ನನ್ನ ತರಗತಿಯಲ್ಲಿ ಉತ್ತರ ಸರಿಯಿದ್ದು ದಾರಿ ಬರೆಯದಿದ್ದರೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಇವರಿಗೂ ಕೊಡಲಿಲ್ಲ.

ಹುಡುಗಿಗೆ ಇನ್ನೊಂದು ತಾಲ್ಲೂಕಿನ ಸಮೀಕ್ಷೆ ಬಾಕಿಯಿದೆ. ಹೊರಡುವ ಮೊದಲೇ ತನ್ನ ಅಂದಾಜುಗಳನ್ನೂ ಅದಕ್ಕೆ ಕಾರಣಗಳನ್ನೂ ಒಂದು ಪುಟದಲ್ಲಿ ಬರೆದು, ತಾರೀಖು ಹಾಕಿ ಪ್ರಬಂಧದ ಕರಡಿಗೆ ಸೇರಿಸಿದಳು. ಗೈಡ್ ಮಹಾಶಯರು ಆ ಪುಟದ ಮೇಲೆ ಕೆಂಪು ಗೀಟು ಎಳೆದು ಕಳಿಸಿದರು. ಅವಳು ಮತ್ತೆ ಸೇರಿಸಿ ಕೊಟ್ಟಿದ್ದಾಳೆ.